‘ಇಲ್ಲಿ ನೋಡಿ’ ಎನ್ನದ ಕ್ಲಾಸು

ದಸರಾ ಆನೆ ಬಂದರೆ ಕ್ಲಾಸು ಕಿಟಕಿಗೆ ಓಡುತ್ತದೆ. ಮೊಬೈಲ್ ಇದ್ದರೆ ಕಿಟಕಿಯೂ ಬೇಡ. ಮಕ್ಕಳ ಮನಸ್ಸನ್ನು ಪಾಠದಲ್ಲಿ ನಿಲ್ಲಿಸುವುದು ಹೇಗೆಂದು ಊರೆಲ್ಲ ತಲೆ ಕೆಡಿಸಿಕೊಂಡಿರುವಾಗ, ಮೈಸೂರಿನ ಬಳಿ ಎರಡು ಉತ್ತರಗಳಿವೆ. ಒಂದು ಲಕ್ಷ್ಮೀಪುರಂನದು, ಇನ್ನೊಂದು ಎಚ್.ಡಿ. ಕೋಟೆಯದು. ಎರಡರಲ್ಲೂ ಕಲಿಸುವವರು ಮುಂದೆ ನಿಂತು ಕೂಗುವುದಿಲ್ಲ!

ಬೆಳಿಗ್ಗೆ ಎಂಟೂವರೆ. ಸಯ್ಯಾಜಿರಾವ್ ರಸ್ತೆಯಲ್ಲಿ ಟ್ರಾಫಿಕ್ ಪೊಲೀಸರ ಸೀಟಿ ಕೇಳಿಸಿತೆಂದರೆ ಅಕ್ಕಪಕ್ಕದ ಶಾಲೆಗಳಲ್ಲಿ ಮೊದಲ ಪೀರಿಯಡ್ ಮುಗಿದ ಹಾಗೆಯೇ. ದಸರಾ ಆನೆಗಳ ತಾಲೀಮು ಹೊರಟಿದೆ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೊಮೀಟರ್ ದಾರಿ. ಬೆನ್ನ ಮೇಲೆ ಗಾದಿ, ಗಾದಿಯ ಮೇಲೆ ಮರಳಿನ ಮೂಟೆ, ಕಿವಿಯ ಹಿಂದೆ ಮಾವುತನ ಕಾಲು.

ಬೋರ್ಡಿನ ಮೇಲೆ ಲ.ಸಾ.ಅ. ಅರ್ಧಕ್ಕೆ ನಿಂತಿದೆ. ಕಿಟಕಿ ಪಕ್ಕದ ಹುಡುಗ ಮೊದಲು ಕತ್ತು ತಿರುಗಿಸುತ್ತಾನೆ. ಅವನನ್ನು ನೋಡಿ ಹಿಂದಿನ ಬೆಂಚಿನವಳು, ಅವಳನ್ನು ನೋಡಿ ಇಡೀ ಸಾಲು. ‘ಇಲ್ಲಿ ನೋಡಿ, ಇಲ್ಲಿ ನೋಡಿ’ ಎಂದು ಮಿಸ್ಸು ಮೇಜು ಕುಟ್ಟುತ್ತಾರೆ. ಯಾರು ನೋಡುತ್ತಾರೆ? ಅಷ್ಟರಲ್ಲಿ ಮಿಸ್ಸಿನ ಕಣ್ಣೂ ಒಂದು ಸಲ ಕಿಟಕಿಗೆ ಹೋಗಿ ಬಂದಿರುತ್ತದೆ.

ತಮಾಷೆಯೆಂದರೆ, ಕೆಳಗೆ ರಸ್ತೆಯಲ್ಲಿ ನಡೆಯುತ್ತಿರುವುದೂ ಗಮನದ ಪಾಠವೇ. ಕಾಡಂಚಿನ ಶಿಬಿರದಿಂದ ಬಂದ ಆನೆ ಬಸ್ಸಿನ ಹಾರ್ನಿಗೆ, ಜನರ ಕೇಕೆಗೆ ಬೆದರದೆ ಹೆಜ್ಜೆ ಹಾಕಬೇಕು. ಅದಕ್ಕೆ ಬಂದ ದಿನವೇ 750 ಕೆ.ಜಿ. ಅಂಬಾರಿ ಹೊರಿಸುವುದಿಲ್ಲ. ಮೊದಲು ಬರಿ ನಡಿಗೆ, ಆಮೇಲೆ ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಕುಶಾಲತೋಪಿಗೆ ಹೆದರದಿರಲೆಂದು ಫಿರಂಗಿಯನ್ನೂ ಮುಂಚಿತವಾಗಿ ಹಾರಿಸಿ ಕಿವಿಗೆ ರೂಢಿ ಮಾಡಿಸುತ್ತಾರೆ. ಆನೆಗೆ ಇಷ್ಟು ವ್ಯವಧಾನ ಕೊಡುವ ಊರು, ಆರು ವರ್ಷದ ಮಗುವಿಗೆ ಜೂನ್ ಮೊದಲ ವಾರದಿಂದಲೇ ನಲವತ್ತು ನಿಮಿಷ ಅಲ್ಲಾಡದೆ ಕೂರು ಎನ್ನುತ್ತದೆ.

ಲೀಡರ್ ಬರೆದ ಪಟ್ಟಿ

ಗಮನವನ್ನು ಗದರಿಸಿ ಪಡೆಯುವ ನಮ್ಮ ಹಳೆಯ ದಾರಿಗಳು ಯಾರಿಗೆ ಗೊತ್ತಿಲ್ಲ? ಕೈಕಟ್ಟು, ಬಾಯಿ ಮೇಲೆ ಬೆರಳು. ಮೇಷ್ಟ್ರು ಆಫೀಸ್ ರೂಮಿಗೆ ಹೋದಾಗ ಕ್ಲಾಸ್ ಲೀಡರ್ ಬೋರ್ಡಿನ ಮೂಲೆಯಲ್ಲಿ ಬರೆಯುವ ‘ಮಾತಾಡಿದವರು’ ಪಟ್ಟಿ. ಎರಡನೇ ಸಲ ಬಾಯಿ ಬಿಟ್ಟರೆ ಹೆಸರಿನ ಮುಂದೆ ಇಂಟು ಮಾರ್ಕು. ಲೀಡರಿನ ಗೆಳೆಯನಾದರೆ ಹೆಸರೇ ಇಲ್ಲ!

ಇದೆಲ್ಲದರ ಹಿಂದೆ ಬೆತ್ತವಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಬೆತ್ತ ಮಾಡುತ್ತಿದ್ದ ಕೆಲಸವನ್ನು ಬಹಳ ಕಡೆ ಗಂಟಲು ವಹಿಸಿಕೊಂಡಿತು.

ಗದರಿದರೆ ಆಗುವುದಾದರೂ ಏನು? ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್‌ಗೆ ಈ ಪ್ರಶ್ನೆ ಹುಟ್ಟಿದ್ದು ತಮ್ಮದೇ ಕ್ಲಾಸಿನಲ್ಲಿ. ಪಾಠದ ನಡುವೆ ಪೇಪರ್ ಓದುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಅವರು ಬೈದರು. ಅವನಿಗಿಂತ ಹೆಚ್ಚಾಗಿ, ಏನೂ ತಪ್ಪು ಮಾಡದ ಉಳಿದವರು ನೆಟ್ಟಗೆ ಕೂತರು. ಅಲ್ಲಿಂದ ಶುರುವಾದ ಅಧ್ಯಯನ ನೂರಾರು ಗಂಟೆ ಕ್ಲಾಸುಗಳ ಅವಲೋಕನವಾಗಿ 1970ರಲ್ಲಿ ಪುಸ್ತಕವಾಯಿತು. ಕೌನಿನ್‌ಗೇ ಸೋಜಿಗವಾಗುವಂಥ ಉತ್ತರ ಅದರಲ್ಲಿತ್ತು: ಸಿಟ್ಟಿನಿಂದ ಬೈದರೂ ಮೆತ್ತಗೆ ಹೇಳಿದರೂ ಫಲದಲ್ಲಿ ನೆಚ್ಚುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇದ್ದದ್ದು ಬೈಯುವುದಕ್ಕೆ ಮುಂಚೆ ಶಿಕ್ಷಕರು ಏನು ಮಾಡುತ್ತಿದ್ದರು ಎಂಬುದರಲ್ಲಿ.

ನಮ್ಮ ಕಡೆ ‘ಆ ಮೇಷ್ಟ್ರಿಗೆ ಬೆನ್ನಲ್ಲೂ ಕಣ್ಣು’ ಎನ್ನುತ್ತಾರಲ್ಲ, ಅಂಥವರ ಕ್ಲಾಸು ಚೆನ್ನಾಗಿ ನಡೆಯುತ್ತಿತ್ತು. ಪಾಠದ ಓಟವನ್ನು ತಾವೇ ಮುರಿಯದವರ ಕ್ಲಾಸೂ ಅಷ್ಟೇ. ಗುಣಾಕಾರದ ನಟ್ಟನಡುವೆ ನೆಲದ ಮೇಲಿನ ಕಾಗದ ಕಂಡು ‘ಯಾರು ಎಸೆದದ್ದು ಇದನ್ನ?’ ಎಂದು ವಿಚಾರಣೆಗೆ ನಿಲ್ಲುವವರೇ ಮಕ್ಕಳ ಗಮನವನ್ನು ಕೆಡಿಸುತ್ತಿದ್ದರು. ಈ ಮಾತು ಓದುತ್ತ ಒಬ್ಬಿಬ್ಬರು ಮೇಷ್ಟ್ರ ಮುಖ ಕಣ್ಣ ಮುಂದೆ ಬಾರದವರು ಕಡಿಮೆ.

ಸ್ವಾಮಿಯ ತಲೆಯಲ್ಲಿದ್ದ ಮಾವಿನಹಣ್ಣು

ಕ್ಲಾಸಿನಲ್ಲಿ ಮನಸ್ಸು ತಪ್ಪಿಸಿಕೊಂಡು ಹೋಗುವುದನ್ನು ಆರ್.ಕೆ. ನಾರಾಯಣ್ ಅವರಷ್ಟು ಚೆನ್ನಾಗಿ ಬರೆದವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. 1935ರಲ್ಲಿ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಅಪ್ಪ ಮಗನಿಗೊಂದು ಮಾವಿನಹಣ್ಣಿನ ಲೆಕ್ಕ ಕೊಡುತ್ತಾನೆ. ಇಷ್ಟು ಹಣ್ಣಿಗೆ ಇಷ್ಟು ಆಣೆಯಾದರೆ ಅಷ್ಟಕ್ಕೆ ಎಷ್ಟು ಎಂಬ ಸಾದಾ ಲೆಕ್ಕ. ಸ್ವಾಮಿಗೆ ಮಾತ್ರ ಆ ಹಣ್ಣು ಮಾಗಿತ್ತೋ ಇಲ್ಲವೋ ಎಂಬುದೇ ಚಿಂತೆ.

ಹುಡುಗನಿಗೆ ಗಮನವಿಲ್ಲ ಎನ್ನೋಣವೇ? ಬೇಕಾದಷ್ಟಿದೆ. ಲೆಕ್ಕದ ಮೇಲಿಲ್ಲ, ಹಣ್ಣಿನ ಮೇಲಿದೆ. ಅಷ್ಟಕ್ಕೂ ಮಾರುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು.

ನಾರಾಯಣ್ ಅವರ ತಂದೆ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರ್. ಶಾಲೆಯ ಒಳಮನೆ ನೋಡಿ ಬೆಳೆದ ಮಗ ಮುಂದೆ ರಾಜ್ಯಸಭೆಗೆ ನಾಮಕರಣಗೊಂಡಾಗ, 1989ರ ತಮ್ಮ ಮೊದಲ ಭಾಷಣವನ್ನು ಮೀಸಲಿಟ್ಟದ್ದು ಮಕ್ಕಳ ಬೆನ್ನ ಮೇಲಿನ ಸ್ಕೂಲ್ ಬ್ಯಾಗಿಗೆ. ಆ ಮಾತಿನ ಅಲೆಯಲ್ಲೇ ಪ್ರೊ. ಯಶಪಾಲ್ ಸಮಿತಿ ಬಂತು. ಹೊರೆಯಿಲ್ಲದ ಕಲಿಕೆಯ ಬಗ್ಗೆ 1993ರಲ್ಲಿ ವರದಿ ಕೊಟ್ಟಿತು. ಬ್ಯಾಗು ಇವತ್ತಿಗೂ ಬೆನ್ನ ಮೇಲೇ ಇದೆ, ಅದು ಬೇರೆ ಮಾತು.

‘ಸ್ವಾಮಿ’ ಬಂದ ಅದೇ 1935ರ ಸೆಪ್ಟೆಂಬರ್‌ನಲ್ಲಿ ಒಂಟಿಕೊಪ್ಪಲಿನ ಮನೆಯೊಂದರಿಂದ ರೇಡಿಯೊ ಮಾತಾಡತೊಡಗಿತು. ಅದನ್ನು ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ನಡೆಸಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಕೈಕೆಳಗೆ ಓದಿ ಬಂದು 1924ರಲ್ಲಿ ಇಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು. ಮನಸ್ಸಿನ ವಿದ್ಯೆಯನ್ನು ಊರಿಗೆ ತಂದವರೇ, ಹೋಮ್‌ವರ್ಕ್ ಬಿಟ್ಟು ಕಿವಿಗೊಡುವಂಥ ಪೆಟ್ಟಿಗೆಯನ್ನೂ ಮನೆಗಳಿಗೆ ಹೊಗಿಸಿದರು!

ಲಕ್ಷ್ಮೀಪುರಂನ ಪಾಠಕ್ರಮ

ಬರ್ಲಿನ್ನೋ ನ್ಯೂಯಾರ್ಕೋ, ಅಲ್ಲಿನ ಯೋಗ ಶಾಲೆಯ ವೇಳಾಪಟ್ಟಿ ತೆಗೆದು ನೋಡಿ. ‘ಮೈಸೂರು ಕ್ಲಾಸ್’ ಎಂದು ಬರೆದಿರುತ್ತದೆ. ಮಲ್ಲಿಗೆ, ಪಾಕ್, ರೇಷ್ಮೆಗಳ ಊರು ಜಗತ್ತಿನ ಅರ್ಧಕ್ಕೆ ಪರಿಚಯವಾಗಿರುವುದು ಒಂದು ಬೋಧನಾ ಪದ್ಧತಿಯಾಗಿ. ಊರಿನ ಶಾಲೆಗಳೇ ಅದನ್ನು ಅಷ್ಟಾಗಿ ಗಮನಿಸಿಲ್ಲ.

ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಕನ್ನಡದಲ್ಲೇ ‘ಯೋಗ ಮಕರಂದ’ ಬರೆದರು. ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು ಮಹಾರಾಜ ಸಂಸ್ಕೃತ ಕಾಲೇಜಿನಲ್ಲಿ ಯೋಗ ಕಲಿಸುತ್ತ 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಸಂಸ್ಥೆ ತೆರೆದರು. ಅಲ್ಲಿ ಬೆಳೆದು ವಿದೇಶಕ್ಕೆ ಹೋದದ್ದು ಈ ಕ್ರಮ.

ಒಂದೇ ಕೋಣೆ, ಹತ್ತಾರು ಚಾಪೆ. ಎಲ್ಲರೂ ಒಂದೇ ಆಸನ ಮಾಡುವುದಿಲ್ಲ. ನಿನ್ನೆ ಬಂದವನು ಸೂರ್ಯನಮಸ್ಕಾರದಲ್ಲಿ, ಹತ್ತು ವರ್ಷದವಳು ಇನ್ನೆಲ್ಲೋ. ಪ್ರತಿಯೊಬ್ಬರಿಗೂ ತಮ್ಮ ಸರಣಿ ಬಾಯಿಪಾಠ. ಉಸಿರಿಗೆ ಲೆಕ್ಕವಿದೆ, ಕಣ್ಣಿಗೆ ನೆಲೆಯಿದೆ: ಮೂಗಿನ ತುದಿ, ಹೆಬ್ಬೆರಳು, ಹೊಕ್ಕಳು. ಗುರು ಸುಮ್ಮನೆ ಸುತ್ತುತ್ತ, ಎಡವುವವರ ಹತ್ತಿರ ಹೋಗಿ ಕೈಕೊಟ್ಟು ತಿದ್ದುತ್ತಾರೆ. ಈ ಆಸನ ಕೂತಿತು ಅನ್ನಿಸಿದ ಮೇಲೇ ಮುಂದಿನದು.

‘ಎಲ್ಲರೂ ಇತ್ತ ನೋಡಿ’ ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಅವರವರ ಕಣ್ಣು ಅವರವರ ಕೆಲಸದ ಮೇಲಿದ್ದರೆ ಸಾಕು.

ರ, ಗ, ಸ, ದ, ಅ

ಈಗ ನಗರ ಬಿಟ್ಟು ಎಚ್.ಡಿ. ಕೋಟೆ ದಾರಿ ಹಿಡಿಯೋಣ. ನಾಗರಹೊಳೆ, ಬಂಡೀಪುರದ ಅಂಚಿನ ತಾಲ್ಲೂಕು. ಜೇನುಕುರುಬ, ಕಾಡುಕುರುಬರ ಹಾಡಿಗಳು. ಅಪ್ಪ ಅಮ್ಮ ಕೊಡಗಿನ ಕಾಫಿ ತೋಟದ ಕೂಲಿಗೆ ಹೋದರೆ ಮಕ್ಕಳೂ ಜತೆಗೆ. ತಿಂಗಳು ಬಿಟ್ಟು ಬಂದ ಮಗುವಿಗೆ ಕ್ಲಾಸು ‘ಇ’ಯಿಂದ ಒತ್ತಕ್ಷರಕ್ಕೆ ಹೋಗಿರುತ್ತಿತ್ತು. ಒಬ್ಬರೇ ಮೇಷ್ಟ್ರು, ಮೂರು ಕ್ಲಾಸು, ಒಂದೇ ಕೋಣೆ. ಅರ್ಥವಾಗದ್ದಕ್ಕೆ ಗಮನ ಕೊಡು ಎಂದರೆ ಯಾವ ಮಗು ಕೊಟ್ಟೀತು?

1995ರಲ್ಲಿ ಇಲ್ಲಿನ ಕೆಲ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿ ಶಾಲೆಗೆ ಹೋದರು. ಅಲ್ಲಿ ಹಳ್ಳಿ ಮಕ್ಕಳಿಗಾಗಿ ರೂಪಿಸಿದ್ದ ಕಾರ್ಡು ಪದ್ಧತಿ ನೋಡಿ ಬಂದು, ತಮ್ಮ ಮಕ್ಕಳಿಗೆ, ತಮ್ಮ ಕನ್ನಡಕ್ಕೆ ಹೊಂದುವಂತೆ ಹೊಸದಾಗಿ ಕಟ್ಟಿಕೊಂಡರು. ಅದೇ ‘ನಲಿಕಲಿ’. 2009–10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು.

ಕೋಣೆಯೊಳಗೆ ಹೋದರೆ ಬೆಂಚಿಲ್ಲ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ದುಂಡಗೆ ಕೂತಿರುತ್ತಾರೆ. ಗುಂಪಿಗೆ ‘ತಟ್ಟೆ’ ಎಂದೇ ಹೆಸರು. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ಬೆಂಬಲ, ಇನ್ನೊಂದಕ್ಕೆ ಭಾಗಶಃ. ಮತ್ತೆರಡರಲ್ಲಿ ಗೆಳೆಯರೇ ಹೇಳಿಕೊಡುವವರು. ಐದನೆಯದು ಸ್ವಕಲಿಕೆ. ಗೋಡೆಯ ಮೇಲೆ ‘ಕಲಿಕಾ ಏಣಿ’. ಅದರ ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು, ಆ ಗುರುತಿನದೇ ಕಾರ್ಡು. ಮಗು ತನ್ನ ಮೆಟ್ಟಿಲು ನೋಡಿಕೊಂಡು, ತನ್ನ ಕಾರ್ಡು ತಾನೇ ತೆಗೆದುಕೊಂಡು, ಅದು ಹೇಳುವ ತಟ್ಟೆಗೆ ಹೋಗಿ ಕೂರುತ್ತದೆ. ತಿಂಗಳು ಬಿಟ್ಟು ಬಂದರೂ ಏಣಿಯಲ್ಲಿ ಅದರ ಮೆಟ್ಟಿಲು ಅಲ್ಲೇ ಕಾದಿರುತ್ತದೆ.

ಈ ಪದ್ಧತಿಯ ಜಾಣತನ ಕಾಣಬೇಕಾದರೆ ಅಕ್ಷರಗಳನ್ನು ನೋಡಬೇಕು. ನಲಿಕಲಿ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲ ಕಂತು ರ, ಗ, ಸ, ದ, ಅ. ಈ ಐದನ್ನು ಕೈಗೆ ಕೊಟ್ಟರೆ ಮಗು ಅರಸ ಎನ್ನುತ್ತದೆ, ಅಗಸ ಎನ್ನುತ್ತದೆ, ಸರ, ಗರಗಸ, ದಸರ ಎನ್ನುತ್ತದೆ. ಗುಣಿತವಿಲ್ಲ, ಒತ್ತಿಲ್ಲ. ಆದರೂ ಶಾಲೆಗೆ ಸೇರಿದ ಕೆಲವೇ ವಾರದಲ್ಲಿ ಇಡೀ ಪದ ಓದಿದ ಗೆಲುವು. ಐವತ್ತು ಅಕ್ಷರ ತಿದ್ದಿ ಮುಗಿಸುವವರೆಗೆ ಒಂದು ಪದವೂ ಸಿಗದ ಹಳೆಯ ದಾರಿಯಲ್ಲಿ ಮಕ್ಕಳ ಮನಸ್ಸು ಹೊರಗೆ ಓಡಿದ್ದರಲ್ಲಿ ಅವರ ತಪ್ಪೇನಿತ್ತು? ಕೈಗೊಂದು ಮುಗಿಯುವಂಥ ಕೆಲಸ ಕೊಟ್ಟರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. ಗಮನ ಬಂದ ಮೇಲೆ ಕೆಲಸವಲ್ಲ, ಕೆಲಸದ ಹಿಂದೆ ಗಮನ. ಇಷ್ಟನ್ನು ಕಾಡಂಚಿನ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಮಾಡಿ ತೋರಿಸಿದರು.

ಎಲ್ಲ ಕಡೆ ಹೀಗೇ ನಡೆಯುತ್ತಿದೆ ಎನ್ನುವ ಹಾಗಿಲ್ಲ. ಪುಸ್ತಕವಿಲ್ಲದ ಶಾಲೆ ಕಂಡು ‘ಬರೀ ಆಟ ಆಡಿಸ್ತಾರೆ’ ಎಂದು ಮಗುವನ್ನು ಕಾನ್ವೆಂಟಿಗೆ ಸೇರಿಸಿದವರಿದ್ದಾರೆ. ಹಾಳೆ ತುಂಬಿಸಿದರೆ ಮೆಟ್ಟಿಲು ಹತ್ತಿದ ಲೆಕ್ಕ ಎಂದು ಕಾಟಾಚಾರಕ್ಕೆ ನಡೆಸುವ ಕಡೆ ಸ್ವಕಲಿಕೆಯ ತಟ್ಟೆಯಲ್ಲಿ ನಡೆಯುವುದು ಪಕ್ಕದವರದ್ದು ನೋಡಿ ಬರೆಯುವ ಕೆಲಸ. ಐದು ತಟ್ಟೆಯ ಮೇಲೂ ಕಣ್ಣಿಡುವುದು, ಮುಂದೆ ನಿಂತು ಪಾಠ ಒಪ್ಪಿಸುವುದಕ್ಕಿಂತ ಎರಡು ಪಟ್ಟು ದುಡಿಮೆ.

ಇನ್ನೊಂದು ತಕರಾರು ದೂರದಿಂದ ಬಂದದ್ದು. ನಲಿಕಲಿ ಕೋಣೆಯಲ್ಲಿ ತಲೆಯ ಮೇಲೆ ‘ಕಲಿಕಾ ಚಪ್ಪರ’, ದಾರಕ್ಕೆ ತೂಗುಬಿಟ್ಟ ಮಕ್ಕಳ ಚಿತ್ರಗಳು. ಗೋಡೆ ತುಂಬ ಬಣ್ಣ. 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 24 ಪುಟ್ಟ ಮಕ್ಕಳಿಗೆ ಕೆಲ ಪಾಠಗಳನ್ನು ಬೋಳು ಗೋಡೆಯ ನಡುವೆಯೂ ಕೆಲವನ್ನು ಭರ್ತಿ ಅಲಂಕಾರದ ನಡುವೆಯೂ ಮಾಡಿ ನೋಡಿದರು. ಬೋಳು ಕೋಣೆಯಲ್ಲಿ ಮಕ್ಕಳು ಪಾಠ ಬಿಟ್ಟು ಬೇರೆಡೆ ಕಳೆದ ಸಮಯ ಶೇ 28ರಷ್ಟು, ಅಲಂಕಾರದ ಕೋಣೆಯಲ್ಲಿ ಶೇ 39ರ ಹತ್ತಿರ. ಪರೀಕ್ಷೆಯ ಸರಿ ಉತ್ತರವೂ ಶೇ 55ರಿಂದ 42ಕ್ಕೆ ಇಳಿಯಿತು. ಚಿಕ್ಕ ಪ್ರಯೋಗ, ಬೇರೆ ದೇಶ. ಚಪ್ಪರ ಕಿತ್ತುಹಾಕಬೇಕಿಲ್ಲ. ಆದರೆ ಹೋದ ವರ್ಷದ ಚಿತ್ರ, ಮಸುಕಾದ ಚಾರ್ಟು, ದಾನಿಗಳ ಹೆಸರಿನ ಬೋರ್ಡು ಇವನ್ನಾದರೂ ಇಳಿಸಬಹುದು.

ಕೇಳಿಸದವನನ್ನು ‘ಕೇಳಲ್ಲ’ ಎಂದರೆ

ಮಾನಸಗಂಗೋತ್ರಿಯ ಮಗ್ಗುಲಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಊರವರ ಬಾಯಲ್ಲಿ ‘ಆಯಿಷ್’. ಮಾತು ಬಾರದ, ಕಿವಿ ಕೇಳದ ಮಕ್ಕಳನ್ನು ದೇಶದ ಎಲ್ಲ ಕಡೆಯಿಂದ ಇಲ್ಲಿಗೆ ಕರೆತರುತ್ತಾರೆ. ‘ಎಷ್ಟು ಹೇಳಿದರೂ ಕೇಳಲ್ಲ’ ಎಂದು ದೂರು ಹೊತ್ತ ಮಗುವಿಗೆ ಕಿವಿಯದೇ ತೊಂದರೆ ಇರಬಹುದೆಂಬುದು ಇಲ್ಲಿ ಕೆಲಸ ಮಾಡುವವರಿಗೆ ಹೊಸ ವಿಷಯವಲ್ಲ. ಪದೇಪದೇ ನೆಗಡಿ, ಕಿವಿ ಸೋರುವುದು, ನಡುಗಿವಿಯಲ್ಲಿ ನೀರು ನಿಲ್ಲುವುದು: ಇಷ್ಟರಿಂದಲೇ ಮೇಷ್ಟ್ರ ಮಾತು ಮಸುಕಾಗುತ್ತದೆ. ಹುಡುಗ ಪಕ್ಕದವನ ಪುಸ್ತಕ ಇಣುಕುತ್ತಾನೆ. ಬೈಗುಳ ಬೀಳುತ್ತದೆ.

ಕಣ್ಣಿನದೂ ಇದೇ ಕಥೆ. ಬೋರ್ಡು ಕಾಣದವನು ಬೋರ್ಡು ನೋಡುವುದಿಲ್ಲ. ಹೊಟ್ಟೆಯದೂ ಇದೇ. 2013ರ ಆಗಸ್ಟ್‌ನಲ್ಲಿ ‘ಕ್ಷೀರಭಾಗ್ಯ’ ಬಂದ ಮೇಲೆ ತಿಂಡಿಯಿಲ್ಲದೆ ಬರುವ ಮಗುವಿಗೆ ಒಂದು ಲೋಟ ಹಾಲಾದರೂ ಸಿಕ್ಕಿತು.

> ಸದ್ದಿನ ಲೆಕ್ಕ
>
> ತರಗತಿಯೊಳಗಿನ ಹಿನ್ನೆಲೆ ಸದ್ದು 35 ಡೆಸಿಬಲ್ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಿಕ್ಷಕರ ಮಾತು ಆ ಸದ್ದಿಗಿಂತ 15 ಡೆಸಿಬಲ್‌ನಷ್ಟು ಎತ್ತರದಲ್ಲಿದ್ದರೆ ಮಾತು ಸ್ಪಷ್ಟ.
>
> ನಮ್ಮ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಹಗಲಿನ ಮಿತಿ 50 ಡೆಸಿಬಲ್. ಕಿಟಕಿ ತೆರೆದು ಕೂರುವ ಊರಿನಲ್ಲಿ, ನಿಯಮ ಪಾಲಿಸಿದರೂ ಸದ್ದು ಒಳಗೆ ಬಂದೇ ಬರುತ್ತದೆ. ಮೇಲೆ ಕಿರುಗುಟ್ಟುವ ಫ್ಯಾನು, ನಡುವೆ ಅರ್ಧ ಗೋಡೆ, ಆಚೆ ಕ್ಲಾಸಿನಲ್ಲಿ ಮಗ್ಗಿ!

ಅರ್ಧ ಪೀರಿಯಡ್ ತಿನ್ನುವ ಫೋನು

ಮೊಬೈಲಿನ ಬಗ್ಗೆ ಬೈದು ಬರೆದದ್ದು ಸಾಕಷ್ಟಿದೆ. ಒಂದೇ ಲೆಕ್ಕ ಹೇಳಿ ಮುಂದೆ ಹೋಗೋಣ. ಒಮ್ಮೆ ಚದುರಿದ ಗಮನ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಎನ್ನುತ್ತದೆ ಯುನೆಸ್ಕೊದ 2023ರ ಶಿಕ್ಷಣ ವರದಿ. ನಮ್ಮ ಪೀರಿಯಡ್ 40 ನಿಮಿಷದ್ದು. ಒಂದು ‘ಟಿಂಗ್’ ಅಂದರೆ ಅರ್ಧ ಪೀರಿಯಡ್. ಮಕ್ಕಳ ಬ್ಯಾಗು ಜಾಲಾಡುವ ಶಾಲೆಗಳು ಮೇಜಿನ ಮೇಲೆ ಗುಂಯ್‌ಗುಟ್ಟುವ ಮೇಷ್ಟ್ರ ಫೋನನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

> ಹಿಂದೆ ಮುಂದೆ, ಮುಂದೆ ಹಿಂದೆ
>
> 1876ರಲ್ಲಿ ಶುರುವಾದ ಮಹಾರಾಜ ಸಂಸ್ಕೃತ ಪಾಠಶಾಲೆಯಂಥ ಕಡೆ ವೇದ ಕಲಿಯುವ ಹುಡುಗರಿಗೆ ಗಮನದ ಬೇರೆ ಪಾಠವಿಲ್ಲ; ಪಠ್ಯದ ಹೆಣಿಗೆಯಲ್ಲೇ ಅದು ಇದೆ. ಗುರು ಒಮ್ಮೆ ಹೇಳಿದ್ದನ್ನು ಶಿಷ್ಯರು ಎರಡು ಸಲ ಹೇಳುವುದು ‘ಸಂತೆ’. ಮುಂದೆ ಜಟಾಪಾಠದಲ್ಲಿ ಪದಗಳು 1–2, 2–1, 1–2 ಎಂದು ಹೆಣೆದುಕೊಳ್ಳುತ್ತವೆ.
>
> ಘನಪಾಠದಲ್ಲಿ 1–2, 2–1, 1–2–3, 3–2–1, 1–2–3. ಒಂದು ಕ್ಷಣ ಮೈಮರೆತರೆ ನಾಲಿಗೆ ದಾರಿ ತಪ್ಪುತ್ತದೆ, ಪಕ್ಕದವನಿಗೆ ಗೊತ್ತಾಗುತ್ತದೆ. 17ರ ಮಗ್ಗಿಯನ್ನು ಮನೆಯಲ್ಲಿ ಹಿಂದಿನಿಂದ ಹೇಳಿಸಿ ನೋಡಿ, ಇದರ ರುಚಿ ಸಿಗುತ್ತದೆ.

ನಾಲ್ಕನೇ ಕ್ಲಾಸಿನ ದೂರು

ನಲಿಕಲಿ ಇರುವುದು ಮೂರನೇ ಕ್ಲಾಸಿನವರೆಗೆ. ನಾಲ್ಕಕ್ಕೆ ಬಂದ ಕೂಡಲೇ ಬೆಂಚು, ಬೋರ್ಡು, ಎಲ್ಲರಿಗೂ ಒಂದೇ ಪುಟ. ನಾಲ್ಕನೇ ಕ್ಲಾಸಿನ ಮೇಷ್ಟ್ರುಗಳ ಸಾಮಾನ್ಯ ದೂರು: ‘ನಲಿಕಲಿ ಮಕ್ಕಳು ಒಂದು ಕಡೆ ಕೂರಲ್ಲ ಸಾರ್.’ ಮೂರು ವರ್ಷ ತನ್ನ ಕಾರ್ಡು ತಾನೇ ತೆಗೆದು, ಎದ್ದು, ತಟ್ಟೆ ಬದಲಿಸಿ ಕಲಿತ ಮಗು ಕೂರಬೇಕಾದರೂ ಏಕೆ? ಅದಕ್ಕೆ ಗೊತ್ತಿರುವ ಶಿಸ್ತೇ ಬೇರೆ. ನನ್ನನ್ನು ಕೇಳಿದರೆ ಅದು ಹೆಚ್ಚಿನ ಶಿಸ್ತು.

ಈ ಕಂದಕಕ್ಕೆ ದೊಡ್ಡ ಸೇತುವೆ ಬೇಕಿಲ್ಲ. ಬೆಲ್ ಹೊಡೆದು ಒಳಗೆ ಬರುವಾಗಲೇ ಬೋರ್ಡಿನ ಮೇಲೆ ಎರಡು ಲೆಕ್ಕ ಇರಲಿ. ಹಾಜರಿ ಕೂಗುವವರೆಗೆ ಅವರವರೇ ಮಾಡಿಕೊಳ್ಳಲಿ. ಪ್ರಶ್ನೆ ಕೇಳಿದ ಮೇಲೆ ತಡೆಯುವುದನ್ನು ಕಲಿಯಬೇಕಾದವರು ದೊಡ್ಡವರು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಟೇಪು ಹಾಕಿ ಅಳೆದಾಗ, ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾದವು, ಎಂದೂ ಬಾಯಿ ಬಿಡದವರೂ ಮಾತಾಡಿದರು. ಮಾನಸಗಂಗೋತ್ರಿಯ ಇನ್ನೊಂದು ಮಗ್ಗುಲಲ್ಲಿ, 1963ರಿಂದ ಶಿಕ್ಷಕರನ್ನು ತಯಾರಿಸುತ್ತಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ತನ್ನದೇ ಪ್ರಾತ್ಯಕ್ಷಿಕೆ ಶಾಲೆಯಿದೆ. ಇಂಥದ್ದನ್ನು ಒರೆಗೆ ಹಚ್ಚಲು ದೂರ ಹೋಗಬೇಕಾಗಿಲ್ಲ.

ಕಾರ್ಡು ಮಾಡಲು ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಸಾಕು. ಮೇಷ್ಟ್ರ ಹತ್ತಿರ ಇಲ್ಲದ್ದು ಪುರುಸೊತ್ತು. ಹಾಜರಾತಿ, ಹಾಲಿನ ಲೋಟ, ಬಿಸಿಯೂಟದ ಎಲೆ, ಮೊಟ್ಟೆ ತಿಂದವರೆಷ್ಟು ಬಾಳೆಹಣ್ಣು ತಿಂದವರೆಷ್ಟು, ಎಲ್ಲವನ್ನೂ ಲೆಕ್ಕಕ್ಕೆ ತುಂಬಿ ತಲೆಯೆತ್ತುವಷ್ಟರಲ್ಲಿ ಒಂದು ಪೀರಿಯಡ್ ಹೋಗಿರುತ್ತದೆ. ಅಷ್ಟು ಹೊತ್ತೂ ಕ್ಲಾಸು ನೋಡಿಕೊಳ್ಳುವವನು ಲೀಡರ್, ಬೋರ್ಡಿನ ಮೂಲೆಯಲ್ಲಿ ಹೆಸರು ಬರೆಯುತ್ತ.